ಹಟ್ಟಿಯ ಹೊರಗಿನ ಗುಡಿಸಲು

ಒಂದು ಕೆಟ್ಟ ಪದ್ಧತಿಯು ಬೇಗನೆ ನಿಲ್ಲುವ ಹಾಗೆ ಕಾಣದಿರುವಾಗ, ಅದರಿಂದ ಬಾಧೆಪಡುವವರ ಕಷ್ಟವನ್ನು ಕಡಿಮೆಮಾಡುವದು ಧರ್ಮವೋ, ಇಲ್ಲವೆ ಆ ಪದ್ಧತಿಗೇ ಊರೆಗೋಲು ಕೊಟ್ಟಂತಾಗುವದೋ? ಚಿತ್ರದುರ್ಗ, ತುಮಕೂರು ಸೀಮೆಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಈ ಪ್ರಶ್ನೆಯು ಬರಿಯ ವಾದವಾಗಿರುವದಿಲ್ಲ.

ಅಲ್ಲಿ ಮುಟ್ಟಾದ ಸ್ತ್ರೀಯೂ ಹೆತ್ತ ಬಾಣಂತಿಯೂ ಹಟ್ಟಿಯ ಹೊರಗೆ ಇರಬೇಕೆಂಬ ಕಟ್ಟಳೆಯು ಬಹುಕಾಲದಿಂದ ನಡೆದುಬಂದಿದೆ. ಒಳಗಿರುವ ದೇವರಿಗೆ ಮೈಲಿಗೆ ತಾಕಬಾರದೆಂಬದೇ ಕಾರಣ. 2023ನೆಯ ಇಸವಿಯ ಜುಲೈ ತಿಂಗಳಲ್ಲಿ ತುಮಕೂರು ತಾಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಹೀಗೆ ಹೊರಗಿರಿಸಲ್ಪಟ್ಟ ಬಾಣಂತಿಯ ಕೂಸು ಮಳೆಚಳಿಯ ಆ ದಿನಗಳಲ್ಲಿ ಕಾಯಿಲೆಯಾಗಿ ತೀರಿಹೋಯಿತು. ಸ್ತ್ರೀಯರನ್ನು ಬಲವಂತವಾಗಿ ಹೊರಗಿರಿಸುವದು ಅಪರಾಧವೆಂಬ ಕಾನೂನು 2017ರಲ್ಲಿಯೇ ಅಂಗೀಕಾರವಾಗಿತ್ತು. ಆದರೂ ಆ ಕೂಸಿಗೆ ಅದು ಒದಗಲಿಲ್ಲ.

ಕೆಲವು ಹಟ್ಟಿಗಳಲ್ಲಿ ಸರಕಾರದವರು ಇಂಥ ಸ್ತ್ರೀಯರಿಗೋಸ್ಕರ ಕೃಷ್ಣಕುಟೀರಗಳೆಂಬ ಗಟ್ಟಿಯಾದ ಮನೆಗಳನ್ನು ಕಟ್ಟಿಸಿದ್ದಾರೆ. ನೆನೆಯುವ ತಾಯಿಗೆ ಮಾಡು ಬೇಡವೆನ್ನುವವರು ಯಾರು? ನಾವಂತೂ ಅನ್ನಲಾರೆವು. ಆದರೆ ಗಟ್ಟಿ ಗೋಡೆಯು ಗುಡಿಸಲಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ಅದರೊಂದಿಗೆ ಕಟ್ಟಳೆಯೂ ನಿಂತೀತೆಂಬ ಭಯವು ನಮಗುಂಟು.

ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಮುಟ್ಟಾದವಳಿಗೆ ಏಳು ದಿವಸಗಳ ಅಶುದ್ಧತ್ವವು ವಿಧಿಸಲ್ಪಟ್ಟಿರುವದರಿಂದ, ನೆರೆಯವರನ್ನು ನೋಡಿ ನಗುವದಕ್ಕೆ ನಮಗೆ ಅಧಿಕಾರವಿಲ್ಲ. ನಮ್ಮ ನಾಡಿನ ಶರಣರೋ 12ನೆಯ ಶತಮಾನದಲ್ಲಿಯೇ ರಜಸ್ಸೂತಕವನ್ನು ಉಳಿದ ಸೂತಕಗಳೊಂದಿಗೆ ತಳ್ಳಿಬಿಟ್ಟಿದ್ದರು.

ಆ ಸ್ತ್ರೀಯರು ತಾವಾಗಿಯೇ ಹೋಗುತ್ತಾರಲ್ಲಾ ಎಂದು ಕೆಲವರು ಹೇಳುವರು. ಇದನ್ನು ನಿಧಾನವಾಗಿ ಯೋಚಿಸೋಣ. ಒಳಗೆ ಉಳಿದವಳ ಮನೆಯಲ್ಲಿ ಮುಂದೆ ಕುರಿ ಸತ್ತರೆ, ಮಗುವಿಗೆ ಜ್ವರ ಬಂದರೆ, ಆ ದೋಷವೆಲ್ಲಾ ಅವಳ ತಲೆಯ ಮೇಲೆಯೇ ಬೀಳುವದಾದರೆ, ಹೊರಗೆ ಹೋಗುವದನ್ನು ಅವಳು ಆರಿಸಿಕೊಂಡಳೆನ್ನಬಹುದೋ? ಹೆದರಿಕೆಯನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯುವದು ಮನೆಯ ಗಂಡಸರಿಗೆ ಬಹು ಸುಲಭ. ಮೂರು ದಿವಸ ನೀರು ಹೊರುವದೂ ಒಲೆಯ ಮುಂದೆ ಕೂಡುವದೂ ತಪ್ಪುವದೆಂದು ಹೊರಗಿರುವದನ್ನು ಬಯಸುವವಳಿದ್ದರೂ ಆಶ್ಚರ್ಯವಿಲ್ಲ. ಆದರೆ ಹೊರಗೆ ಹಾಕಿದ ಹೊರತು ವಿಶ್ರಾಂತಿ ಕೊಡಲರಿಯದ ಮನೆಯನ್ನು ಕುರಿತು ಏನೆನ್ನೋಣ?

ಆದಕಾರಣ ಮಾಡು ಇರಲಿ ಎನ್ನುತ್ತೇವೆ, ಜೀವಕ್ಕೆ ಅಪಾಯವಿರುವ ತನಕ. ಆದರೆ ನಿಜವಾದ ಕೆಲಸವು ಹಟ್ಟಿಯ ಹಿರಿಯರದು. ಅವರಲ್ಲಿ ಒಬ್ಬನು ತನ್ನ ಸೊಸೆಯನ್ನೂ ಕೂಸನ್ನೂ ಒಳಕ್ಕೆ ಕರಕೊಂಡು, ಆ ವರುಷ ಕುರಿಗಳಿಗೆ ರೋಗ ಬಂದಾಗ ಅವಳ ಮೇಲೆ ಮಾತೆತ್ತದೆ, ದನದ ಡಾಕ್ಟರನ್ನು ಕರೆತರಲಿ. ಪಕ್ಕದ ಮನೆಯ ಸೊಸೆಯು ಅದನ್ನು ನೋಡುತ್ತಿರುವಳು.