ಕಂಟ್ರಾಕ್ಟ್ ಕೊಟ್ಟುಬಿಟ್ಟ ಮೇಲೆ

‘ಪೇಂಟಿಂಗ್ ಕಂಟ್ರಾಕ್ಟ್ ಕೊಟ್ಟುಬಿಟ್ಟೆ’ ಅಂತೀವಲ್ಲ, ಆ ‘ಬಿಟ್ಟೆ’ಯಲ್ಲಿ ಎಂಥಾ ನಿರಾಳ ಇದೆ ನೋಡಿ. ‘ಕೊಟ್ಟೆ’ ಅಂದರೆ ಕೆಲಸ ಕೊಟ್ಟೆ, ಅಷ್ಟೇ. ‘ಕೊಟ್ಟುಬಿಟ್ಟೆ’ ಅಂದರೆ ತಲೆನೋವೂ ಹೋಯ್ತು ಅಂತ. ಚದರಡಿಗೆ ಇಷ್ಟು ಅಂತ ಮಾತಾಡಿ, ಅಡ್ವಾನ್ಸ್ ಫೋನ್‌ಪೇ ಮಾಡಿ, ಬೆಂಗಳೂರಿನ ಬಸ್ ಹತ್ತಿದರೆ ಮುಗೀತು. ಕೆಲಸದ ಜೊತೆ ಇನ್ನೇನೇನನ್ನ ಬಿಟ್ಟುಬಿಡ್ತೀವಿ ಅನ್ನೋದು ನನ್ನ ಪ್ರಶ್ನೆ.

ವೈರಮುಡಿಗೆ ಮುಂಚೆ ಮೇಲುಕೋಟೆಯ ನಮ್ಮನೆ ಹೊರಗೋಡೆಗೆ ಬಣ್ಣ ಹೊಡೆಸಬೇಕಿತ್ತು. ಕೆಳಗೆ ಹಳೇ ಮನೆ, ಮೇಲೆ ಆಮೇಲೆ ಕಟ್ಟಿಸಿದ ಮಹಡಿ. ಹಿಂದುಗಡೆ ನೆಲ ಇಳಿಜಾರು, ಹಾಗಾಗಿ ಆ ಗೋಡೆ ಮೂರಂತಸ್ತಿನಷ್ಟು ಎತ್ತರ. ಇಬ್ಬರು ಮೇಸ್ತ್ರಿಗಳು ಬಂದು ಅಳೆದು ರೇಟು ಹೇಳಿದರು. ಕೆರೆಯೋದು, ಬಿರುಕಿಗೆ ಪುಟ್ಟಿ, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎಮಲ್ಷನ್, ಎಲ್ಲಾ ಇಬ್ಬರದ್ದೂ ಒಂದೇ. ರೇಟಲ್ಲಿ ಮಾತ್ರ ಚದರಡಿಗೆ 3 ರೂಪಾಯಿ ಫರಕು. ಜಾಸ್ತಿ ಹೇಳಿದವರು ಸಾರ್ವೆ ಕಟ್ತಾರೆ, ಬೆಲ್ಟ್ ಹಾಕಿಸ್ತಾರೆ. ಕಮ್ಮಿ ಹೇಳಿದವರ ಉತ್ತರ: ‘ನಮ್ ಹುಡುಗ್ರು ಹಗ್ಗದಲ್ಲೇ ಇಳಿದು ಹೊಡೀತಾರೆ ಸಾರ್, ಅಭ್ಯಾಸ ಐತೆ.’ 2,200 ಚದರಡಿಗೆ ಲೆಕ್ಕ ಹಾಕಿದರೆ 6,600 ರೂಪಾಯಿ. ಗೋಡೆ ಎರಡು ಕಡೆಯೂ ಒಂದೇ ಥರ ಹೊಳೆಯುತ್ತೆ. ಈ ದುಡ್ಡಿಗೆ ಸಿಗೋದು ಏನೂ ಆಗದಿರೋದು ಮಾತ್ರ.

ಅಪ್ಪನಿಗೆ ಇದರಲ್ಲಿ ಯೋಚಿಸೋದೇನೂ ಕಾಣಲಿಲ್ಲ. ‘ಅವ್ನ ಹುಡುಗ್ರು ಕಣಪ್ಪ, ಅವ್ನೇ ನೋಡ್ಕತಾನೆ ಬುಡು.’

ಹೀಗಂದದ್ದು ಕಲ್ಲು ಮನಸ್ಸಿನ ಮನುಷ್ಯ ಅಲ್ಲ. ಸುಣ್ಣಕ್ಕೆ ಗೋಂದು, ಚೂರು ನೀಲಿ ಕಲಸಿ ಹೊಡೀತಿದ್ದ ಕಾಲದಲ್ಲಿ, ಆಳು ಮೇಲೆ ಹತ್ತಿದ ಅಂದರೆ ಅಪ್ಪ ಏಣಿಯ ಬುಡ ಬಿಟ್ಟು ಅಲ್ಲಾಡ್ತಿರಲಿಲ್ಲ. ಆ ಕಾಲ ಚೆನ್ನಾಗಿತ್ತು ಅಂತ ಹೇಳ್ತಿಲ್ಲ. ಹತ್ತಿದವನಿಗೆ ಊಟ ಜಗಲಿ ಮೇಲೇ, ಒಳಗಲ್ಲ. ಆದರೆ ಅವನು ಬಿದ್ದರೆ ಯಾರ ಮನೆ ಬಾಗಿಲಿಗೆ ಬರಬೇಕು ಅನ್ನೋದು ಇಡೀ ಬೀದಿಗೆ ಗೊತ್ತಿತ್ತು. ನಡುವೆ ಮೇಸ್ತ್ರಿ ಬಂದ. ಅಪ್ಪ ಬದಲಾಗಲಿಲ್ಲ, ಏಣಿಯಿಂದ ಕೈ ಮಾತ್ರ ತಾನಾಗೇ ಬಿಟ್ಟುಹೋಯ್ತು.

ನಡುವೆ ಒಬ್ಬ ಗುತ್ತಿಗೆದಾರ ಬಂದ ಮಾತ್ರಕ್ಕೆ ಹೊಣೆ ಕಳಚಿಕೊಳ್ಳಲ್ಲ ಅನ್ನೋದನ್ನ ಕಾನೂನು ಯಾವತ್ತೋ ಒಪ್ಪಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಆದರೆ ಅದು 20 ಜನಕ್ಕಿಂತ ಕಮ್ಮಿ ಇರೋ ಕಡೆಗಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ, ತನ್ನ ವಾಸದ ಮನೆಗೆ 10 ಲಕ್ಷದೊಳಗೆ ಕೆಲಸ ಮಾಡಿಸೋನನ್ನ ಹೊರಗಿಟ್ಟಿತ್ತು. ಅಂದರೆ ನಮ್ಮಂಥೋರ ಮನೆಗಳು ಹೆಚ್ಚುಕಮ್ಮಿ ಎಲ್ಲಾ ಹೊರಗೆ. ಇನ್‌ಸ್ಪೆಕ್ಟರ್ ಬರದ ಜಾಗದಲ್ಲಿ ಉಳಿಯೋದು ನಾನು, ನನ್ನ 6,600 ರೂಪಾಯಿ.

ಐಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಫಿಕ್ಸೆಡ್ ಬಿಡ್ ಪ್ರಾಜೆಕ್ಟಲ್ಲಿ ಕ್ಲೈಂಟ್ ಕಮ್ಮಿ ಮಾಡಿಸಿದ ದುಡ್ಡು ಕೊನೆಗೆ ಯಾರ ಶನಿವಾರದಿಂದ ಬರುತ್ತೆ ಅಂತ ನಮಗೆ ಗೊತ್ತು. ಮೇಸ್ತ್ರಿಗೆ ಅಡಿ ಲೆಕ್ಕ, ಹುಡುಗರಿಗೆ ದಿನಗೂಲಿ. ಹಾಗಾಗಿ ಬೇಗ ಮುಗಿದಷ್ಟೂ ಅವರಿಗೆ ಲಾಭ, ಅವಸರ ಇವರದ್ದು.

‘ನಂಬಿಕೆ ಇಲ್ವಾ?’ ಅಂತ ಕೇಳಬಹುದು. ನಂಬಿಕೆ ಬಗ್ಗೆ ಶ್ರೀವೈಷ್ಣವರಲ್ಲಿ ಒಂದು ಹಳೇ ಚರ್ಚೆ ಇದೆ. ರಾಮಾನುಜರು ನೆಲೆಸಿದ್ದ ಊರಾದ್ದರಿಂದ ನಮ್ಮಲ್ಲಿ ಇದು ಜಗಲಿಗಳ ಮೇಲೂ ಕಿವಿಗೆ ಬೀಳುತ್ತೆ. ಭಕ್ತ ಕೋತಿಮರಿಯ ಹಾಗೆ ತಾಯಿಯನ್ನ ತಾನೇ ಗಟ್ಟಿಯಾಗಿ ಹಿಡಿದುಕೊಂಡಿರಬೇಕಾ, ಇಲ್ಲಾ ಬೆಕ್ಕಿನ ಮರಿಯ ಹಾಗೆ ತಾಯಿ ಕಚ್ಚಿಕೊಂಡು ಹೋದ ಕಡೆ ಸುಮ್ಮನೆ ಹೋಗಬೇಕಾ ಅಂತ. ಬೆಕ್ಕಿನ ಮರಿಯ ನಂಬಿಕೆ ನನಗೂ ಇಷ್ಟವೇ. ಆದರೆ ಪೇಂಟಿಂಗ್ ಕಂಟ್ರಾಕ್ಟಿನಲ್ಲಿ ಮರಿ ನಾನಲ್ಲ, ಹಗ್ಗದಲ್ಲಿ ನೇತಾಡ್ತಿರೋ ಹುಡುಗ. ನನ್ನನ್ನ ನಾನು ಒಪ್ಪಿಸಿಕೊಂಡರೆ ಅದು ಶರಣಾಗತಿ. ಇನ್ನೊಬ್ಬನ ಜೀವವನ್ನ ಮತ್ತೊಬ್ಬನಿಗೆ ಒಪ್ಪಿಸಿ ಬಸ್ ಹತ್ತೋದನ್ನ ನಂಬಿಕೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. (ವೈರಮುಡಿ ಕಿರೀಟ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಲ್ಲಿ ಬರುತ್ತೆ. ಅಲ್ಲಿ ‘ನೋಡ್ಕತಾನೆ ಬುಡು’ ಅಂತ ಯಾರೂ ಅನ್ನಲ್ಲ.)

ಸಾರ್ವೆ ಕಟ್ಟೋರಿಗೇ ಕೊಟ್ಟೆ. ಅಪ್ಪ ಫರಕಿನ ಲೆಕ್ಕ ಕೇಳಿ, ಅಷ್ಟರಲ್ಲಿ ಕೊಟ್ಟಿಗೆಗೂ ಬಣ್ಣ ಆಗ್ತಿತ್ತು ಅಂದರು. ಅದೂ ಸುಳ್ಳಲ್ಲ.

ದುಡ್ಡು ಕೊಟ್ಟರೆ ಮುಗೀತಾ ಅಂದರೆ ಅದೂ ಇಲ್ಲ. ಎರಡನೇ ದಿನ ಇಳಿಜಾರಿನ ಗೋಡೆ ಕಡೆ ಹೋದರೆ ಒಬ್ಬ ಹುಡುಗ ಬೆಲ್ಟನ್ನ ಕಿಟಕಿ ಸರಳಿಗೆ ನೇತುಹಾಕಿ ಕೆಲಸ ಮಾಡ್ತಿದ್ದ. ‘ಇದ್ ಹಾಕ್ಕಂಡ್ರೆ ಕೈ ಆಡಲ್ಲ ಸಾರ್’ ಅಂದ. ಜೀವ ಅವನದ್ದು, ಇಪ್ಪತ್ತು ದಾಟಿದ ಗಂಡಸು. ಹಾಕ್ಕೋ ಅನ್ನೋಕೆ ನಾನ್ಯಾರು? ಆದರೆ ಕೈ ಆಡಲ್ಲ ಅಂದರೆ ಏನರ್ಥ? ಸಂಜೆಯೊಳಗೆ ಆ ಗೋಡೆ ಮುಗಿಯಲ್ಲ ಅಂತ. ಸಂಜೆಯೊಳಗೆ ಮುಗಿಸು ಅಂತ ಯಾರೋ ಹೇಳಿರೋದರಿಂದ ಹುಟ್ಟಿದ ಇಷ್ಟವನ್ನ ಅವನ ಸ್ವಂತ ಇಷ್ಟ ಅಂತ ಒಪ್ಪಿಕೊಳ್ಳೋದು ನನಗೆ ಕಷ್ಟ ಆಯ್ತು. ಎರಡು ದಿನ ತಡವಾದರೂ ಪರವಾಗಿಲ್ಲ, ಆ ಕೂಲಿ ನಾನೇ ಕೊಡ್ತೀನಿ ಅಂತ ಮೇಸ್ತ್ರಿಗೆ ಫೋನ್ ಮಾಡಿ, ಅವನಿಗೂ ಹೇಳಿದೆ.

ಬೆಲ್ಟ್ ಬಿಗಿದುಕೊಳ್ತಾ ಅವನು, ‘ಸರಿ ಸಾರ್, ಆದ್ರೆ ನಾಳಿದ್ದು ಪಾಂಡವಪುರದಲ್ಲಿ ಇನ್ನೊಂದ್ ಮನೆ ಶುರು ಮಾಡ್ಬೇಕಲ್ಲ’ ಅಂದ.