ಶಿಕ್ಷಕರ ಅರ್ಹತಾ ಪರೀಕ್ಷೆ ಮತ್ತು ಅನುಮಾನದ ನ್ಯಾಯ

2009ರ ಶಿಕ್ಷಣ ಹಕ್ಕು ಕಾಯ್ದೆಯ ಬಲದಿಂದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯು, ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸಬಯಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನು, ಅಂದರೆ ರೂಢಿಯ ಮಾತಿನ ಟಿಇಟಿಯನ್ನು, ಕಡ್ಡಾಯಗೊಳಿಸಿತು. 150 ಬಹುಆಯ್ಕೆಯ ಪ್ರಶ್ನೆಗಳಲ್ಲಿ ಸಾಮಾನ್ಯ ವರ್ಗದ ಅಭ್ಯರ್ಥಿಯು 90 ಅಂಕ ಪಡೆಯಬೇಕು. ಪ್ರಶ್ನೆಗಳು ಎಲ್ಲರಿಗೂ ಒಂದೇ, ಉತ್ತರಕ್ಕೆ ಮುಖದಾಕ್ಷಿಣ್ಯವಿಲ್ಲ. ವಶೀಲಿಯ ಕಾಟ ಕಂಡ ಸಮಾಜಕ್ಕೆ ಇದು ಸಣ್ಣ ಲಾಭವಲ್ಲ. ಆದರೆ ಎಲ್ಲರನ್ನೂ ಒಂದೇ ಬಗೆಯಲ್ಲಿ ಅಳೆದಾಕ್ಷಣ ಅಳೆಯಬೇಕಾದುದನ್ನೇ ಅಳೆದಂತಾಗುವುದಿಲ್ಲ.

ಪರೀಕ್ಷೆಯ ಒಳಗಿರುವುದು ಒಂದು ಅನುಮಾನ; ಸಂದೇಹವೆಂಬ ಅರ್ಥದಲ್ಲಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದೆಂಬ ಅರ್ಥದಲ್ಲಿ. ನ್ಯಾಯದರ್ಶನದ ಪರಿಭಾಷೆಯಲ್ಲಿ ಅಂಕವು ಹೇತು, ಅಂದರೆ ಕಾಣುವ ಗುರುತು. ಕಲಿಸುವ ಸಾಮರ್ಥ್ಯವು ಸಾಧ್ಯ, ಅಂದರೆ ಆ ಗುರುತಿನಿಂದ ಸಾಧಿಸಬೇಕಾದ ಕಾಣದ ಸಂಗತಿ. ಇವೆರಡರ ನಡುವೆ ತಪ್ಪದ ಸಹಚಾರ, ಅಂದರೆ ವ್ಯಾಪ್ತಿ, ಇದ್ದರೆ ಮಾತ್ರ ಅನುಮಾನ ನಿಲ್ಲುತ್ತದೆ. ವಿಷಯ ಬಲ್ಲವರೆಲ್ಲ ಕಲಿಸಬಲ್ಲರೆಂಬ ವ್ಯಾಪ್ತಿ ಎಂದೂ ಇರಲಿಲ್ಲವೆಂಬುದನ್ನು ಕಾಳಿದಾಸನೇ ಬಲ್ಲ: 'ಮಾಲವಿಕಾಗ್ನಿಮಿತ್ರ'ದಲ್ಲಿ ಗಣದಾಸ, ಹರದತ್ತರೆಂಬ ನಾಟ್ಯಾಚಾರ್ಯರ ಪೈಕಿ ಯಾರು ಮೇಲೆಂಬ ಜಗಳ ಎದ್ದಾಗ, ತೀರ್ಪುಗಾರ್ತಿಯಾದ ಪರಿವ್ರಾಜಿಕೆಯು ಸ್ವಂತ ವಿದ್ಯೆಯನ್ನೂ ಅದನ್ನು ಪರರಿಗೆ ದಾಟಿಸುವ ಶಕ್ತಿಯನ್ನೂ ಬೇರ್ಪಡಿಸಿ, ಶಿಷ್ಯೆಯರ ಪ್ರದರ್ಶನವನ್ನೇ ನೋಡಬೇಕೆನ್ನುತ್ತಾಳೆ.

ಹಾಗೆಂದು ಟಿಇಟಿ ನಿರರ್ಥಕವಲ್ಲ, ಏಕೆಂದರೆ ನಿಷೇಧದ ದಿಕ್ಕಿನಲ್ಲಿ ವ್ಯಾಪ್ತಿ ಗಟ್ಟಿಯಾಗಿದೆ: ಭಿನ್ನರಾಶಿ ತಿಳಿಯದವರು ಭಿನ್ನರಾಶಿ ಕಲಿಸಲಾರರು. ಆದ್ದರಿಂದ ಅಂಕಕ್ಕೆ ಬಾಗಿಲಲ್ಲಿ ತಡೆಯುವ ಅಧಿಕಾರವಿದೆಯೇ ಹೊರತು, ಒಳಬಂದವರನ್ನು ಒಳ್ಳೆಯ ಶಿಕ್ಷಕರೆಂದು ಸಾರುವ ಅಧಿಕಾರವಿಲ್ಲ.

ಈ ವಿವೇಕಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಸೇವೆಯಲ್ಲಿರುವವರ ವಿಷಯದಲ್ಲಿ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದು ತೀರ್ಪಿತ್ತಿತು. ಹೊಸ ಅಭ್ಯರ್ಥಿಯ ಮಟ್ಟಿಗೆ ಅನುಮಾನವಲ್ಲದೆ ಗತಿಯಿಲ್ಲ. ಇಪ್ಪತ್ತು ವರ್ಷ ಕಲಿಸಿದವರ ಮಟ್ಟಿಗಾದರೋ ಪ್ರತ್ಯಕ್ಷ ಪ್ರಮಾಣವೇ ತರಗತಿಯಲ್ಲಿ ಲಭ್ಯವಿದೆ. ಈಗಾಗಲೇ ಸಿದ್ಧವಾದುದನ್ನು ಅನುಮಾನದಿಂದ ಸಾಧಿಸಬೇಕಿಲ್ಲ, ಸಾಧಿಸಲೇಬೇಕೆಂಬ ಇಚ್ಛೆ ಇದ್ದರೆ ಮಾತ್ರ ಅದಕ್ಕೆ ಎಡೆಯಿದೆ ಎಂದು ನೈಯಾಯಿಕರು ಒಪ್ಪುತ್ತಾರೆ. ಮಗುವಿನ ಕಲಿಕೆಯ ಹಕ್ಕು ಆ ಇಚ್ಛೆಗೆ ತಕ್ಕ ಕಾರಣವೆಂದು ವಾದಿಸಬಹುದು, ಅದು ಹಗುರವಾದ ವಾದವೂ ಅಲ್ಲ. ಆದರೆ ಪ್ರತ್ಯಕ್ಷಕ್ಕೆ ನೋಡುವ ಕಣ್ಣು ಬೇಕು; ತರಗತಿಯೊಳಗೆ ಕುಳಿತು ನೋಡುವ ಶ್ರಮವನ್ನು ಆಡಳಿತ ವಹಿಸದೆ, ಆ ಕೊರತೆಯನ್ನು ಉತ್ತರಪತ್ರಿಕೆಯಿಂದ ತುಂಬಿಸಿ, ಅದರ ಬೆಲೆಯನ್ನು ಶಿಕ್ಷಕರ ನೌಕರಿಯಿಂದ ವಸೂಲು ಮಾಡುವುದು ನ್ಯಾಯವಲ್ಲ.