ಕಾಣದಂತಿದ್ದು ಕಾಣಿಸುವುದು

ಕಣ್ಣಿನ ಕಪ್ಪುಗುಡ್ಡೆಯ ಮುಂದಿರುವ ಪದರ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರ್ ಆದೀತು, ಅಷ್ಟೆ. ಆರೋಗ್ಯವಾಗಿದ್ದಾಗ ಅದರೊಳಗೆ ರಕ್ತನಾಳಗಳಿಲ್ಲ. ಕಣ್ಣೀರಿನ ತೆಳುಪೊರೆಯ ಮೂಲಕ ಗಾಳಿಯಿಂದಲೇ ಉಸಿರಾಡುತ್ತದೆ. ಲೋಕವನ್ನೆಲ್ಲ ಅದರ ಮೂಲಕ ನೋಡುವ ನಾವು ಅದನ್ನು ಮಾತ್ರ ನೋಡುವುದಿಲ್ಲ.

ಈ ತಿಳಿತನ ಪುಕ್ಕಟೆ ಬಂದದ್ದಲ್ಲ. ಕಾರ್ನಿಯಾದ ಒಳಮೈಗೆ ಒಂದೇ ಸಾಲು ಜೀವಕೋಶಗಳ ಹಾಸಿದೆ. ಕಣ್ಣೊಳಗಿನಿಂದ ಜಿನುಗಿ ಬರುವ ನೀರನ್ನು ಅವು ಹಗಲಿರುಳೆನ್ನದೆ ಹೊರಗೆ ನೂಕುತ್ತಿರುತ್ತವೆ. ಆ ಕೆಲಸ ನಿಂತರೆ ಕಾರ್ನಿಯಾ ಊದಿಕೊಂಡು ಮಸುಕಾಗುತ್ತದೆ. ಮನುಷ್ಯರಲ್ಲಿ ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲವೆಂದೇ ಹೇಳಬೇಕು; ಉಳಿದವು ಹಿಗ್ಗಿ ಜಾಗ ತುಂಬುತ್ತವೆ. ಅದಕ್ಕೇ ನೇತ್ರಭಂಡಾರದವರು ದಾನ ಬಂದ ಕಾರ್ನಿಯಾವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಈ ಕೋಶಗಳ ಸಾಂದ್ರತೆಯನ್ನು ಲೆಕ್ಕಹಾಕುತ್ತಾರೆ. ಕಸಿಯ ನಂತರ ಎಷ್ಟು ಕಾಲ ನೋಟ ನಿಂತೀತು ಎನ್ನುವುದಕ್ಕೆ ಇದೂ ಒಂದು ಆಧಾರ.

ಆದರೆ ತಿಳಿಯಾದ ಕಾರ್ನಿಯಾ ಬಂದ ಮಾತ್ರಕ್ಕೆ ನೋಟ ಬರುವುದಿಲ್ಲ. ಈ ಮಾತನ್ನು ರೋಗಿಗೂ ಮನೆಯವರಿಗೂ ಮೊದಲೇ ಬಿಡಿಸಿ ಹೇಳಬೇಕು. ಪೂರ್ತಿ ದಪ್ಪದ ಕಸಿಯನ್ನು ಕೂದಲಿಗಿಂತ ಸಣ್ಣ ನೈಲಾನ್ ದಾರದಿಂದ ಸುತ್ತಲೂ ಹೊಲಿದಿರುತ್ತಾರೆ. ಮೃದಂಗದ ಬಾರನ್ನು ಒಂದು ಕಡೆ ಹೆಚ್ಚು ಬಿಗಿದರೆ ಶ್ರುತಿ ತಪ್ಪುವ ಹಾಗೆ, ಒಂದು ಹೊಲಿಗೆ ಬಿಗಿಯಾದರೂ ಗುಮ್ಮಟದಂಥ ಮೈ ಓರೆಯಾಗಿ ಬೆಳಕು ಒಂದೆಡೆ ಕೂಡುವುದಿಲ್ಲ. ಗಾಯ ಮಾಗಿ, ಹೊಲಿಗೆ ಒಂದೊಂದಾಗಿ ತೆಗೆದು, ನೋಟ ನೆಲೆಗೊಳ್ಳಲು ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕಾಗುತ್ತದೆ. ಆಮೇಲೂ ಕನ್ನಡಕವೋ ಗಟ್ಟಿ ಕಾಂಟ್ಯಾಕ್ಟ್ ಲೆನ್ಸೋ ಬೇಕಾಗಬಹುದು. ಹಿಂದಿರುವ ಅಕ್ಷಿಪಟಲ, ನರ ಚೆನ್ನಾಗಿರಬೇಕು. ಕೂಸಾಗಿದ್ದಾಗಲೇ ಕಣ್ಣು ಮಸುಕಾಗಿದ್ದರೆ ಮಿದುಳು ಆ ಕಣ್ಣಿನಿಂದ ನೋಡಲು ಕಲಿತೇ ಇರುವುದಿಲ್ಲ. ಕಸಿಯ ನಂತರ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಕಲಿಸಬೇಕಾಗುತ್ತದೆ.

ಪಡೆದವರ ಕಣ್ಣು ಹೊಸಬನನ್ನು ಒಪ್ಪಬೇಕಲ್ಲ, ನನಗೆ ಅತಿ ವಿಸ್ಮಯ ಅಲ್ಲಿ. ರಕ್ತನಾಳವಿಲ್ಲದ ಕಡೆ ದೇಹದ ಕಾವಲು ಸಡಿಲ. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್‌ನಂಥ ರೋಗದಲ್ಲಿ ಕಸಿ ಚೆನ್ನಾಗಿ ಉಳಿಯುವುದಕ್ಕೆ ಅದೊಂದು ಕಾರಣ. ಸುಣ್ಣವೋ ಆಸಿಡ್ಡೋ ಬಿದ್ದು ಸುಟ್ಟ ಕಣ್ಣಿಗೆ ರಕ್ತನಾಳ ಹಬ್ಬಿರುತ್ತವೆ, ಅಲ್ಲಿ ಗಂಡಾಂತರ ಹೆಚ್ಚು. ಹೀಗಿರುವಾಗ 1905ರ ಡಿಸೆಂಬರ್ 7ರಂದು ಮೊರಾವಿಯಾದ ಓಲೋಮೋಟ್ಸ್ ಊರಿನಲ್ಲಿ ನೇತ್ರವೈದ್ಯ ಎಡುವರ್ಡ್ ಝಿರ್ಮ್ ಮಾಡಿದ್ದನ್ನು ನೋಡಿ. ಸುಣ್ಣ ಸಿಡಿದು ಎರಡೂ ಕಣ್ಣು ಕಳೆದುಕೊಂಡಿದ್ದ ಕೂಲಿಕಾರನಿಗೆ, ಗಾಯವಾಗಿ ತೆಗೆಯಲೇಬೇಕಾಗಿದ್ದ ಹುಡುಗನೊಬ್ಬನ ಕಣ್ಣಿನ ಕಾರ್ನಿಯಾ ಕೂರಿಸಿದರು. ಸ್ಟೀರಾಯ್ಡ್ ಹನಿ ಇಲ್ಲದ, ಆಂಟಿಬಯಾಟಿಕ್ ಇಲ್ಲದ ಕಾಲ. ಒಂದು ಕಣ್ಣಿನ ಕಸಿ ಸೋತಿತು, ಇನ್ನೊಂದು ತಿಳಿಯಾಗಿ ಉಳಿಯಿತು. ಅಂಥ ಕಣ್ಣಿನಲ್ಲಿ ಅದು ಉಳಿದದ್ದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಇಂದು ಹನಿಗಳಿವೆ. ಕಾವಲನ್ನು ಅವು ತಡೆಯುತ್ತವೆ. ಜೊತೆಗೇ ಕಣ್ಣಿನ ಒತ್ತಡ ಏರಿಸಿ ಗ್ಲಾಕೋಮಾ ತರಲೂಬಲ್ಲವು. ಹಾಗಾಗಿ ತಪಾಸಣೆ ತಪ್ಪಿಸುವಂತಿಲ್ಲ. ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ನೋಟ ಮಂಕಾದರೆ ನಾಳೆಗೆಂದು ಕಾಯದೆ ಅಂದೇ ವೈದ್ಯರ ಬಳಿ ಹೋಗಬೇಕು.

ಇಂದು ಒಂದೇ ಕಾರ್ನಿಯಾ ಇಬ್ಬರಿಗೆ ಆಗುವುದೂ ಉಂಟು. 2021ರ ಅಕ್ಟೋಬರ್ 29ರಂದು ಎಲ್ಲರ ‘ಅಪ್ಪು’, ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ತಂದೆ ರಾಜ್‌ಕುಮಾರ್ ಅವರಂತೆಯೇ ಅವರ ಕಣ್ಣುಗಳೂ ದಾನವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ವೈದ್ಯರು ಎರಡು ಕಾರ್ನಿಯಾಗಳನ್ನೂ ಪದರ ಸೀಳಿ, ಮುಂಭಾಗವನ್ನು ಇಬ್ಬರಿಗೆ, ಹಿಂಭಾಗವನ್ನು ಇನ್ನಿಬ್ಬರಿಗೆ ಕೊಟ್ಟರು. ಅಪ್ಪು ಕಣ್ಣು ಇನ್ನೂ ನೋಡುತ್ತಿವೆ ಎಂದು ನಾಡೆಲ್ಲ ಕಣ್ಣೀರಿಟ್ಟಿತು. ಆ ಪ್ರೀತಿ ದೊಡ್ಡದು. ಒಳಗೆ ನಡೆಯುವುದೂ ಚಿಕ್ಕದಲ್ಲ. ಹಿಂಪದರದ ಕಸಿಗೆ ಹೊಲಿಗೆಯೇ ಸಾಮಾನ್ಯವಾಗಿ ಇರುವುದಿಲ್ಲ; ಕಣ್ಣೊಳಗೆ ಬಿಟ್ಟ ಗಾಳಿಗುಳ್ಳೆ ಅದನ್ನು ಮೇಲಕ್ಕೊತ್ತಿ ಹಿಡಿಯುತ್ತದೆ, ಅದಕ್ಕಾಗಿ ರೋಗಿ ಅಂಗಾತ ಮಲಗಿರಬೇಕು. ಪದರ ಅಂಟಿಕೊಂಡಿತೆಂದರೆ ಅದರ ಕೋಶಗಳು ಹಳೆಯ ಕೆಲಸವನ್ನೇ ಹೊಸ ಮೈಯಲ್ಲಿ ಮುಂದುವರಿಸುತ್ತವೆ, ಊದಿದ್ದ ನೀರು ಇಳಿಯತೊಡಗುತ್ತದೆ. ಕೊಟ್ಟವರು ಯಾರೆಂದು ಆ ಕೋಶಗಳಿಗೂ ಗೊತ್ತಿಲ್ಲ, ಪಡೆದವರು ಯಾರೆಂದೂ ಗೊತ್ತಿಲ್ಲ. ನೀರು ನೂಕುವುದು ಗೊತ್ತು.